ನಿಮ್ಮ ಚಳಿ ಬೇರೆ, ಮೀನಿನ ಚಳಿ ಬೇರೆ: ನೀಲಗಿರಿಯ ಕೆರೆಗಳಲ್ಲಿ ಚಳಿಗಾಲದ ಟ್ರೌಟ್ ಹಿಡಿಯುವ ಬಗೆ

ಜನವರಿಯ ಬೆಳಗ್ಗೆ ಆರು ಗಂಟೆ. ಊಟಿ ಹತ್ತಿರದ ಎಮರಾಲ್ಡ್ ಕೆರೆ ಕಡೆಯ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ, ಇಬ್ಬನಿ ಹೆಪ್ಪುಗಟ್ಟಿ ಹಿಮ ಬಿದ್ದಿರುತ್ತದೆ. ಅಂಥ ಹೊತ್ತಿನಲ್ಲಿ ಯಾರೋ ಒಬ್ಬರು ಮಂಕಿ ಟೋಪಿ ಹಾಕಿಕೊಂಡು, ಬೆರಳು ಮರಗಟ್ಟಿದ್ದರೂ ಬಿಡದೆ, ಗಾಳ ಎಸೆಯುತ್ತಾ ನಿಂತಿರುತ್ತಾರೆ. ಕೆಳಗಿನ ಊರಿನವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂಬತ್ತರ ತನಕ ಒಂದು ಮೀನೂ ಕಚ್ಚುವುದಿಲ್ಲ. "ಚಳಿಗೆ ಮೀನೆಲ್ಲ ಮಲಗಿಬಿಟ್ಟಿವೆ" ಅಂತ ಗೊಣಗಿ ಕಾರು ಹತ್ತಿ ಹೋಗುತ್ತಾರೆ. ನಾವು ಇಡ್ಲಿ ತಿಂದು, ಎರಡನೇ ಲೋಟ ಚಹಾ ಮುಗಿಸಿ ಮನೆಯಿಂದ ಹೊರಡುವುದು ಆ ಹೊತ್ತಿಗೆ.

ನಮ್ಮಜ್ಜ ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ವ್ಯಾಪಾರಕ್ಕೆ ಅಂತ ಊಟಿಗೆ ಬಂದವರು. ಕೆಳಗಿನ ಕೆರೆಗಳಲ್ಲಿ ಬೆಳಗಿನ ಜಾವವೇ ಮೀನಿನ ಹೊತ್ತು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ನನಗೂ ಬಂತು. ಅದು ಇಲ್ಲಿ ನಡೆಯುವುದಿಲ್ಲ ಅಂತ ತಿಳಿಯಲು ನನಗೆ ಮೂರು ಚಳಿಗಾಲ ಬೇಕಾಯಿತು.

ಮೊದಲು ಮೀನಿನ ವಿಷಯ

ಇಲ್ಲಿರುವುದು ರೇನ್‌ಬೋ ಟ್ರೌಟ್. ಮೈಯ ಪಕ್ಕದಲ್ಲಿ ಗುಲಾಬಿ ಪಟ್ಟೆ, ಬೆನ್ನು ಬಾಲದ ತುಂಬ ಕಪ್ಪು ಚುಕ್ಕೆ. ಇದು ನಮ್ಮ ಮೀನಲ್ಲ, ಬ್ರಿಟಿಷರು ತಂದು ಬಿಟ್ಟದ್ದು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ಮೊದಲು ಪ್ರಯತ್ನಪಟ್ಟ, ಆಗಲಿಲ್ಲ. ಆಮೇಲೆ ಮೀನು ಸಾಕಣೆಯ ತಜ್ಞ ಎಚ್. ಸಿ. ವಿಲ್ಸನ್ ಬಂದ. 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಶುರುವಾಯಿತು. ಬ್ರೌನ್ ಟ್ರೌಟ್ ಇಲ್ಲಿ ನೆಲೆ ನಿಲ್ಲಲಿಲ್ಲ, ರೇನ್‌ಬೋ ನಿಂತಿತು.

ಇದಕ್ಕೆ ಹಿತವಾದ ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಒದ್ದಾಡುತ್ತದೆ, 25ರ ಹತ್ತಿರ ಬಂದರೆ ಸಾಯುತ್ತದೆ. ತಣ್ಣೀರು ಜಾಸ್ತಿ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಈ ಮೀನಿಗೆ ಅದೇ ಬೇಕು. ಈಗ ಡಿಸೆಂಬರ್ ಜನವರಿಯಲ್ಲಿ ನಮ್ಮ ಕೆರೆಗಳ ನೀರು ನೋಡಿ. ಒಂದಾಳು ಆಳದಲ್ಲಿ ನನ್ನ ಥರ್ಮಾಮೀಟರ್ ಸಾಮಾನ್ಯವಾಗಿ 12, 13 ತೋರಿಸುತ್ತದೆ. ಅಂದರೆ ನಾವು ಎರಡು ಸ್ವೆಟರ್ ಹಾಕಿಕೊಂಡು ಹಲ್ಲು ಕಡಿಯುವ ದಿನ ಮೀನಿಗೆ ಹಬ್ಬದ ಹವಾ. ಇದು ಕಾಶ್ಮೀರ ಅಲ್ಲ, ಇಲ್ಲಿ ಕೆರೆ ಹೆಪ್ಪುಗಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಏಪ್ರಿಲ್ ಮೇ ತಿಂಗಳೇ ಅದಕ್ಕೆ ಕಷ್ಟದ ಕಾಲ. ಆಗ ಆಳಕ್ಕೆ ಇಳಿದು ಕೂತುಬಿಡುತ್ತದೆ.

ಹಾಗಾದರೆ ಬೆಳಗ್ಗೆ ಆರಕ್ಕೆ ಯಾಕೆ ಕಚ್ಚುವುದಿಲ್ಲ? ಹಿಮ ಬೀಳುವ ರಾತ್ರಿ ಆಕಾಶ ತಿಳಿಯಾಗಿರುತ್ತದೆ, ಗಾಳಿ ಇರುವುದಿಲ್ಲ. ನೆಲದ ಬಿಸಿಯೆಲ್ಲ ಮೇಲೆ ಹೋಗಿಬಿಡುತ್ತದೆ. ದಡದ ಮೊಣಕಾಲುದ್ದದ ನೀರೂ ಹಾಗೇ ತಣ್ಣಗಾಗುತ್ತದೆ. ಅಲ್ಲಿ ಓಡಾಡುವ ಸಣ್ಣ ಹುಳುಗಳು ಸುಮ್ಮನಾಗುತ್ತವೆ. ತಿನ್ನಲು ಏನೂ ಇಲ್ಲದ ಕಡೆ ಮೀನು ಯಾಕೆ ಬಂದೀತು? ಅದು ಆಚೆ, ಆಳ ಶುರುವಾಗುವ ಅಂಚಿನಲ್ಲಿ ನಿಂತಿರುತ್ತದೆ. ಅಷ್ಟು ಆಳದ ನೀರಿಗೆ ನಿನ್ನೆ ರಾತ್ರಿ ಹಿಮ ಬಿದ್ದದ್ದೇ ಗೊತ್ತಿರುವುದಿಲ್ಲ. ಹತ್ತು ಗಂಟೆಯ ಬಿಸಿಲು ಬಿದ್ದು ದಡದ ನೀರು ಎರಡು ಡಿಗ್ರಿ ಏರಿದಾಗ ಹುಳು ಏಳುತ್ತದೆ, ಹಿಂದೆಯೇ ಮೀನು ಬರುತ್ತದೆ. ಹತ್ತೂವರೆಯಿಂದ ಎರಡೂವರೆ ತನಕ, ಅಷ್ಟೇ. ಮೋಡ ಮುಚ್ಚಿದ, ಹಿಮ ಬೀಳದ ದಿನ ಮಾತ್ರ ಬೆಳಗ್ಗೆ ಎಂಟಕ್ಕೇ ಹೋದರೂ ನಡೆಯುತ್ತದೆ.

ಚೀಟಿ ಇಲ್ಲದೆ ಗಾಳ ಬಿಚ್ಚಬೇಡಿ

ಇದನ್ನು ಕೊನೆಗೆ ಓದುವವರು ಜಾಸ್ತಿ, ಅದಕ್ಕೇ ಮುಂದೆ ತಂದಿದ್ದೇನೆ. ಎಮರಾಲ್ಡ್, ಅವಲಾಂಚಿ, ಅಪ್ಪರ್ ಭವಾನಿ ನೋಡಲು ಕೆರೆಗಳ ಹಾಗಿದ್ದರೂ ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯಗಳು. ಸುತ್ತ ಇರುವುದು ಬಹುಪಾಲು ಮೀಸಲು ಅರಣ್ಯ. ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ಎರಡೂ ಕಡೆ ಅನುಮತಿ ಚೀಟಿ ಕೇಳಬೇಕು. ಊಟಿಯಲ್ಲಿ ಎರಡರ ಕಚೇರಿಯೂ ಇದೆ. ಹೊರಡುವ ವಾರವೇ ಕೇಳಿ, ಹೋದ ವರ್ಷದ ಕತೆ ನಂಬಬೇಡಿ. ಯಾವ ನೀರು, ಯಾವ ದಿನ, ಎಂಥ ಗಾಳ, ಎಷ್ಟು ಮೀನು ಅಂತ ಚೀಟಿಯಲ್ಲಿ ಏನು ಬರೆದಿದೆಯೋ ಅದೇ ಕೊನೆ ಮಾತು. ಬೇಡ ಅಂದರೆ ಬೇಡ. ಮುಕುರ್ತಿ ರಾಷ್ಟ್ರೀಯ ಉದ್ಯಾನದ ಒಳಗೆ ಗಾಳದ ಯೋಚನೆಯನ್ನೇ ಮಾಡಬೇಡಿ. ಊಟಿ ಪೇಟೆಯ ಬೋಟಿಂಗ್ ಕೆರೆಯಲ್ಲಿ ಟ್ರೌಟ್ ಹುಡುಕುವುದೂ ಬೇಡ, ಅದು ಕಾರ್ಪ್ ಮೀನಿನ ಜಾಗ.

ಕೆಳಗಿನಿಂದ ಬರುವವರಿಗೆ ಇನ್ನೆರಡು ಮಾತು. ಬಂಡೀಪುರ-ಮುದುಮಲೆ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. 6ಕ್ಕೆ ಗೇಟು ದಾಟಿದರೆ ಗೂಡಲೂರು ಹತ್ತಿ, ಊಟಿಯಲ್ಲಿ ತಿಂಡಿ ಮುಗಿಸಿ, ಹತ್ತು ಹತ್ತೂವರೆಗೆ ಕೆರೆ ಮುಟ್ಟುತ್ತೀರಿ. ಮೀನೂ ಅದೇ ಹೊತ್ತಿಗೆ ಬರುತ್ತದೆ, ಅವಸರ ಬೇಡ. 2024ರ ಮೇ ತಿಂಗಳಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು, ಮನೆಯಲ್ಲೇ ಮಾಡಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ತಂದರೆ ಚೆಕ್‌ಪೋಸ್ಟಿನಲ್ಲಿ ದಂಡ. ಸ್ಟೀಲ್ ಬಾಟಲಿ ತನ್ನಿ. ಅದಕ್ಕೆ ಇನ್ನೊಂದು ಕೆಲಸವೂ ಇದೆ, ಮುಂದೆ ಹೇಳುತ್ತೇನೆ.

ಸಾಮಾನು

ಆರರಿಂದ ಏಳು ಅಡಿಯ ಹಗುರ ಸ್ಪಿನ್ನಿಂಗ್ ರಾಡ್, ಅದಕ್ಕೊಂದು ಸಣ್ಣ ರೀಲ್. ಸಮುದ್ರದ ಮೀನಿಗೆ ಅಂತ ತಂದ ದಪ್ಪ ಕೋಲು ಇಲ್ಲಿ ಕೆಲಸಕ್ಕೆ ಬಾರದು. ಮೂರು ನಾಲ್ಕು ಗ್ರಾಂ ತೂಕದ ಗಾಳವನ್ನು ಅದು ದೂರ ಎಸೆಯುವುದೇ ಇಲ್ಲ.

ದಾರದ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಇಲ್ಲಿನವರು ತಂಗೂಸಿ ಅನ್ನುವ ನೈಲಾನ್ ದಾರವೇ ಸಾಕು, ಆದರೆ ಹೊಸದಿರಲಿ. 4ರಿಂದ 6 ಪೌಂಡ್ ತಾಳುವಂಥದ್ದು. ಚಳಿಗಾಲದ ನೀರು ಗಾಜಿನ ಹಾಗೆ ತಿಳಿ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಜಾಸ್ತಿ ಮಳೆ ಬಿದ್ದಿತ್ತು. ಅಂಥ ಮಳೆಯ ಕೆಸರು ನೀರಿನಲ್ಲಿ ಹಗ್ಗ ಕಟ್ಟಿದರೂ ಮೀನಿಗೆ ಕಾಣುವುದಿಲ್ಲ, ಜನವರಿಯಲ್ಲಿ ಕೂದಲೂ ಕಾಣುತ್ತದೆ. ಬಿಸಿಲಿಗೆ ಬಿದ್ದು ಒಣಗಿದ ಹಳೇ ದಾರ ರೀಲಿನಿಂದ ಸ್ಪ್ರಿಂಗಿನ ಹಾಗೆ ಸುರುಳಿಯಾಗಿಯೇ ಬಿಚ್ಚಿಕೊಳ್ಳುತ್ತದೆ, ಚಳಿಗೆ ಇನ್ನೂ ಬಿರುಸಾಗುತ್ತದೆ. ನನ್ನ ಅತಿ ದೊಡ್ಡ ಮೀನು ಕಳೆದದ್ದು ಇಂಥ ದಾರದಿಂದಲೇ. ದಡದಿಂದ ಎರಡು ಮಾರು ದೂರದಲ್ಲಿ ಟಪ್ ಅಂತ ಕಿತ್ತಿತು. ಹೊಸ ದಾರ ಚೀಲದಲ್ಲೇ ಇತ್ತು, ಸುತ್ತಲು ಸೋಮಾರಿತನ.

ಗಾಳದಲ್ಲಿ ಮೂರು ಬಗೆ ಇಟ್ಟುಕೊಳ್ಳಿ. 3ರಿಂದ 7 ಗ್ರಾಮಿನ ಸ್ಪಿನ್ನರ್, ಅಂದರೆ ಎಲೆಯಂಥ ತಗಡು ತಿರುಗುವಂಥದ್ದು, ಬೆಳ್ಳಿ ಬಣ್ಣದ್ದೊಂದು, ತಾಮ್ರದ್ದೊಂದು. ಅಷ್ಟೇ ತೂಕದ ಸ್ಪೂನ್, ಅಂದರೆ ಚಮಚದ ಹಾಗೆ ಬಾಗಿದ ತಗಡು, ಎರಡು. ಆಮೇಲೆ ಕಪ್ಪು, ಪಾಚಿ ಹಸಿರು ಬಣ್ಣದ ವೂಲಿ ಬಗ್ಗರ್ ಫ್ಲೈ, ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳುವಿನ ಹಾಗೆ ಮಾಡಿದ್ದು, 8 ಅಥವಾ 10ನೇ ನಂಬರಿನ ಕೊಕ್ಕೆಯದು. ಫ್ಲೈ ರಾಡ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಳಗೆ ನೀರು ತುಂಬುವ ಬೆಂಡು ಸಿಗುತ್ತದೆ. ಅದಕ್ಕೆ ಅರ್ಧ ನೀರು ತುಂಬಿ, ಹಿಂದೆ ನಾಲ್ಕೈದು ಅಡಿ ದಾರ ಬಿಟ್ಟು ಫ್ಲೈ ಕಟ್ಟಿದರೆ ಸ್ಪಿನ್ನಿಂಗ್ ರಾಡಿನಲ್ಲೇ ದೂರ ಹೋಗುತ್ತದೆ. ಎರೆಹುಳು ನಾನು ಬಿಟ್ಟುಬಿಟ್ಟೆ. ಮೀನು ಗಂಟಲಿನ ತನಕ ನುಂಗುತ್ತದೆ, ಆಮೇಲೆ ಬಿಡಬೇಕು ಅಂದರೂ ಅದು ಬದುಕುವುದು ಕಷ್ಟ.

ಎಲ್ಲ ಗಾಳದ ತುದಿಯ ಹಿಂದೆ ಇರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೂರು ಕೊಕ್ಕೆ ಇದ್ದರೆ ಎರಡನ್ನು ಕತ್ತರಿಸಿ ಎಸೆಯಿರಿ. ಮೀನು ತಪ್ಪಿಸಿಕೊಳ್ಳುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ದಾರ ಬಿಗಿಯಾಗಿದ್ದರೆ ತಪ್ಪುವುದಿಲ್ಲ. ಮರಗಟ್ಟಿದ ಕೈಗೆ ಮೂರು ಕೊಕ್ಕೆ ಚುಚ್ಚಿಕೊಂಡರೆ ಊಟಿಯ ಆಸ್ಪತ್ರೆ ಒಂದು ಗಂಟೆ ದೂರ, ಅದನ್ನು ಯೋಚಿಸಿ.

ಉಳಿದಂತೆ ಒಂದು ಕೈಬಲೆ, ಉದ್ದ ಮೂತಿಯ ಇಕ್ಕಳ, ಮತ್ತೆ ಒಂದು ಥರ್ಮಾಮೀಟರ್. ಜ್ವರ ನೋಡುವುದಲ್ಲ, ಪ್ರಯೋಗಾಲಯಕ್ಕೆ ಮಾರುತ್ತಾರಲ್ಲ ಅದು. ಬಾಯಿ ಅಗಲದ ಸಣ್ಣ ಬಾಟಲಿಯೊಳಗೆ ಥರ್ಮಾಮೀಟರ್ ಕಟ್ಟಿ, ತಳಕ್ಕೊಂದು ಕಲ್ಲು ಕಟ್ಟಿ, ದಾರದಲ್ಲಿ ಇಳಿಬಿಡಿ. ಐದು ನಿಮಿಷ ಬಿಟ್ಟು ಸರಕ್ಕನೆ ಎಳೆದು ನೋಡಿ. ಬಾಟಲಿಯಲ್ಲಿ ಆ ಆಳದ ನೀರೇ ತುಂಬಿರುವುದರಿಂದ ಮೇಲೆ ಬರುವಷ್ಟರಲ್ಲಿ ಲೆಕ್ಕ ಜಾಸ್ತಿ ಬದಲಾಗುವುದಿಲ್ಲ.

ಯಾವ ದಡ?

ಇಲ್ಲೇ ಅರ್ಧ ಕೆಲಸ ಇರುವುದು. ಗಾಳ ಎಸೆಯುವ ಮೊದಲು ಕಾಲು ಗಂಟೆ ಸುಮ್ನೆ ಕೂತು ನೋಡಿ.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕೆರೆಯ ದಕ್ಷಿಣ ದಡದಲ್ಲಿ ಬೆಟ್ಟವೋ ನೀಲಗಿರಿ ಮರಗಳ ಸಾಲೋ ಇದ್ದರೆ ಅಲ್ಲಿ ನೆರಳು ಬೇಗ ಬಿಡುವುದಿಲ್ಲ. ಉತ್ತರದ ದಡ ದಕ್ಷಿಣಕ್ಕೆ ಮುಖ ಮಾಡಿರುತ್ತದೆ, ಬಿಸಿಲು ನೇರ ಬೀಳುತ್ತದೆ. ಹಿಮ ಯಾವ ದಡದಲ್ಲಿ ಮೊದಲು ಕರಗುತ್ತದೆ ಅಂತ ನೋಡಿದರೆ ಸಾಕು. ಹುಲ್ಲು ಹಸಿರಾದ ಕಡೆ ನೀರೂ ಬೆಚ್ಚಗಾಗುತ್ತಿರುತ್ತದೆ. ಶುರು ಅಲ್ಲಿಂದ.

ಮಧ್ಯಾಹ್ನ ಗಾಳಿ ಎದ್ದ ಮೇಲೆ ಲೆಕ್ಕ ಬದಲಾಗುತ್ತದೆ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಈಶಾನ್ಯದಿಂದ. ಬಿಸಿಲಿಗೆ ಕಾದ ಮೇಲುನೀರನ್ನು, ಅದರ ಮೇಲೆ ಬಿದ್ದ ಹುಳುಗಳ ಸಮೇತ, ಅದು ನೈಋತ್ಯದ ದಡಕ್ಕೆ ತಳ್ಳುತ್ತದೆ. ಗಾಳಿ ನಿಮ್ಮ ಮುಖಕ್ಕೆ ಹೊಡೆಯುವ ದಡ ಅದು. ನಿಲ್ಲಲು ಬೇಜಾರು, ಎಸೆಯಲು ಕಷ್ಟ. ಆದರೆ ಮೀನು ಇರುವುದು ಅಲ್ಲೇ. ಬೆನ್ನಿಗೆ ಗಾಳಿ ಬರುವ ಆರಾಮದ ಜಾಗದಲ್ಲಿ ನಿಂತವರು ಬರಿಗೈಯಲ್ಲಿ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡೂ ಕಡೆ ಹುಡುಕಬೇಕಾದದ್ದು ಒಂದೇ: ನೀರಿನ ಬಣ್ಣ ತಿಳಿಯಿಂದ ಕಡುಗಪ್ಪಿಗೆ ತಿರುಗುವ ಗೆರೆ. ಅದೇ ಆಳದ ಅಂಚು. ಮುಳುಗಿದ ಮರದ ಬೊಡ್ಡೆ, ನೀರಿಗೆ ಚಾಚಿದ ಬಂಡೆ ಅದರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ನೀರಿನ ಅಂಚಿಗೆ ದಬದಬ ಅಂತ ನಡೆದು ಹೋಗಬೇಡಿ. ಬಿಸಿಲು ಹತ್ತಿದ ಮೇಲೆ ಮೀನು ದಡದಿಂದ ಒಂದು ಮಾರು ದೂರದಲ್ಲೇ ಇರಬಹುದು. ನಿಮ್ಮ ನೆರಳು ಬಿದ್ದರೆ ಮುಗೀತು. ಎಂಟು ಹತ್ತು ಅಡಿ ಹಿಂದೆಯೇ ನಿಂತು ಮೊದಲ ಎಸೆತ ಹಾಕಿ.

ಒಂದು ಜಾಗ ಮಾತ್ರ ಬಿಡಿ. ಬೆಟ್ಟದ ಹಳ್ಳ ಕೆರೆಗೆ ಸೇರುವ ಬಾಯಿ. ಅಲ್ಲಿ ಮೀನು ಸುಲಭವಾಗಿ ಸಿಗುತ್ತದೆ, ಅದೇ ತೊಂದರೆ. ಟ್ರೌಟ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಹರಿಯುವ ನೀರಿನ ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಅದಕ್ಕೆ ಚಳಿಗಾಲವೇ ಕಾಲ. ಒಂದು ಕೆ.ಜಿ. ತೂಕದ ಹೆಣ್ಣಿನಲ್ಲಿ ಸುಮಾರು 1,500ರಿಂದ 2,000 ಮೊಟ್ಟೆ. 10 ಡಿಗ್ರಿ ನೀರಿನಲ್ಲಿ ಅವು ಒಡೆಯಲು ಒಂದು ತಿಂಗಳು ಬೇಕು. ಆ ಬಾಯಲ್ಲಿ ನಿಂತ ಗರ್ಭದ ಮೀನನ್ನು ಎತ್ತುವುದು ಮುಂದಿನ ಮೂರು ವರ್ಷದ ಮೀನನ್ನು ಎತ್ತಿದ ಹಾಗೆ. ಹಳ್ಳದೊಳಗೆ ಕಾಲೂ ಇಡಬೇಡಿ, ಜಲ್ಲಿಯ ಅಡಿಯಲ್ಲಿರುವ ಮೊಟ್ಟೆ ಬೂಟಿಗೆ ಸಿಕ್ಕಿ ನುಜ್ಜಾಗುತ್ತದೆ.

ಎಣಿಸಿ ಇಳಿಸಿ, ನಿಧಾನ ಸುತ್ತಿ

ಗಂಟು ಹೀಗೆ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಮೊದಲ ಸಂದಿಯೊಳಗೆ ತುದಿ ತೂರಿಸಿ. ಎಂಜಲು ಹಚ್ಚಿ ನಿಧಾನ ಎಳೆಯಿರಿ. ಒಣಗಿದ ಗಂಟು ಬಿಗಿಯುವಾಗ ಬಿಸಿಯಾಗಿ ದಾರವನ್ನೇ ಕೊಲ್ಲುತ್ತದೆ.

ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲು ದಾರ ಬಿಡುವ ಬಿಗಿ, ಹೊಂದಿಸಲು ಈಗ ಆ ಸ್ಟೀಲ್ ಬಾಟಲಿ ತೆಗೆಯಿರಿ. ಬಾಟಲಿ ಸೇರಿ ಮುಕ್ಕಾಲು ಕೆ.ಜಿ. ಆಗುವಷ್ಟು ನೀರು ತುಂಬಿ, ದಾರಕ್ಕೆ ಕಟ್ಟಿ ಎತ್ತಿ. ಬಾಟಲಿ ನೆಲ ಬಿಡುತ್ತಿದ್ದ ಹಾಗೆ ರೀಲು ಕರ್ ಅಂತ ದಾರ ಬಿಟ್ಟರೆ ಸರಿ. 6 ಪೌಂಡ್ ದಾರಕ್ಕೆ ಇದು ಲೆಕ್ಕ. 4 ಪೌಂಡಿನದಾದರೆ ಅರ್ಧ ಕೆ.ಜಿ. ಸಾಕು.

ಈಗ ಎಸೆಯಿರಿ. ಗಾಳ ನೀರಿಗೆ ಬಿದ್ದ ಕೂಡಲೇ ಸುತ್ತಬೇಡಿ. ಒಂದು, ಎರಡು, ಮೂರು ಅಂತ ಎಣಿಸುತ್ತಾ ನೀರಿನ ಮೇಲಿರುವ ದಾರ ನೋಡುತ್ತಿರಿ. ಗಾಳ ತಳ ಮುಟ್ಟಿದಾಗ ದಾರ ಸಡಿಲ ಬೀಳುತ್ತದೆ. ಅದು ಹದಿನಾಲ್ಕಕ್ಕೆ ಆಯಿತು ಅನ್ನಿ. ಮುಂದಿನ ಸಲ ಹನ್ನೊಂದಕ್ಕೆ ಸುತ್ತಲು ಶುರು ಮಾಡಿ. ನಾಲ್ಕೈದು ಎಸೆತಕ್ಕೆ ಏನೂ ಇಲ್ಲದಿದ್ದರೆ ಎಂಟಕ್ಕೆ, ಆಮೇಲೆ ಐದಕ್ಕೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬನ್ನಿ. ಕಚ್ಚಿದ ಎಣಿಕೆ ಬಾಯಿಪಾಠ ಇರಲಿ, ಆ ದಿನದ ಮಿಕ್ಕ ಮೀನುಗಳೂ ಸುಮಾರಾಗಿ ಅದೇ ಎತ್ತರದಲ್ಲಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಎಣಿಕೆ ಕಡಿಮೆಯಾಗುತ್ತಾ ಬಂದರೆ ಮೀನು ದಡಕ್ಕೆ ಏರುತ್ತಿದೆ ಅಂತ ಅರ್ಥ.

ಸುತ್ತುವ ವೇಗ? ನಿಮಗೆ ಸರಿ ಅನ್ನಿಸಿದ್ದರ ಅರ್ಧ. ಚಳಿಗೆ ಕೈ ತಾನಾಗಿಯೇ ಬೇಗ ಬೇಗ ಸುತ್ತುತ್ತದೆ, ಮೈ ಬಿಸಿ ಮಾಡಿಕೊಳ್ಳಲು! ಸ್ಪಿನ್ನರಿನ ತಗಡು ತಿರುಗುವ ನಡುಕ ಕೋಲಿನ ತುದಿಯಲ್ಲಿ ಗೊತ್ತಾಗಬೇಕು, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ. ಸ್ಪೂನ್ ಆದರೆ ನಾಲ್ಕು ಸುತ್ತು ಸುತ್ತಿ, ಎರಡು ಎಣಿಸುವ ತನಕ ಬಿಡಿ. ಅದು ವಾಲಾಡುತ್ತಾ ಇಳಿಯುವಾಗಲೇ ಕಚ್ಚುವುದು ಜಾಸ್ತಿ. ಫ್ಲೈಯನ್ನು ಗೇಣು ಗೇಣಾಗಿ ಎಳೆಯಿರಿ, ನಡುವೆ ನಿಲ್ಲಿಸಿ.

ಕಚ್ಚಿದ್ದು ಹೇಗೆ ಗೊತ್ತಾಗುತ್ತದೆ? ಬೇಸಿಗೆಯ ಕಾರ್ಪಿನ ಹಾಗೆ ಜಗ್ಗುವುದಿಲ್ಲ. ಒಂದು ಟಕ್, ಅಥವಾ ದಾರ ಇದ್ದಕ್ಕಿದ್ದ ಹಾಗೆ ಭಾರ, ಕೆಲವು ಸಲ ನಡುಕ ನಿಂತುಹೋಗುವುದು, ಅಷ್ಟೇ. ಅನುಮಾನ ಬಂದರೆ ಕೋಲನ್ನು ಪಕ್ಕಕ್ಕೆ ಸೆಳೆಯಿರಿ. ಮೇಲಕ್ಕೆ ಎತ್ತಿ ಹೊಡೆದರೆ ಸಣ್ಣ ಬಾಯಿ ಹರಿಯುತ್ತದೆ. ಸಿಕ್ಕ ಮೇಲೆ ಅದು ಎರಡು ಮೂರು ಸಲ ನೀರಿನ ಮೇಲೆ ಹಾರುತ್ತದೆ. ಹಾರಿದಾಗ ಕೋಲಿನ ತುದಿ ತಗ್ಗಿಸಿ, ನೀರಿಗೆ ಬಿದ್ದ ಮೇಲೆ ಎತ್ತಿ. ಓಡಿದರೆ ಓಡಲಿ, ಡ್ರ್ಯಾಗ್ ಇರುವುದೇ ಅದಕ್ಕೆ.

ಬಿಡುವ ಮೀನು, ಇಡುವ ಮೀನು

ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ. ಒಣ ಕೈಗೆ, ಉಣ್ಣೆಯ ಗ್ಲೌಸಿಗೆ ಅದರ ಮೈಯ ಲೋಳೆ ಅಂಟಿಕೊಂಡು ಬಂದುಬಿಡುತ್ತದೆ, ಆಮೇಲೆ ಬಿಟ್ಟ ಮೀನಿಗೆ ಬೂಸ್ಟು ಹಿಡಿಯುತ್ತದೆ. ಬಣ್ಣ ಕಪ್ಪಾಗಿ, ಹೊಟ್ಟೆ ಮೆತ್ತಗಿದ್ದರೆ ಮೊಟ್ಟೆಯ ಮೀನು. ಫೋಟೋನೂ ಬೇಡ, ನೀರಿನಲ್ಲೇ ಗಾಳ ಬಿಡಿಸಿ ಕಳಿಸಿ. ಬೆಳ್ಳಿಯ ಹಾಗೆ ಹೊಳೆಯುವ, ಗಟ್ಟಿ ಮೈಯ ಮೀನು ಊಟಕ್ಕೆ. ಇಡುವುದಾದರೆ ತಲೆಗೆ ಒಂದೇ ಪೆಟ್ಟು ಕೊಟ್ಟು ಮುಗಿಸಿ, ಚೀಲದಲ್ಲಿ ಒದ್ದಾಡಿ ಸಾಯಲು ಬಿಡಬೇಡಿ.

ನೀರಿಗೆ ಇಳಿಯಬೇಡಿ. ಒಮ್ಮೆ ಸಿಕ್ಕಿಕೊಂಡ ಸ್ಪಿನ್ನರ್ ಬಿಡಿಸಲು ಹೋಗಿ ಕೆಂಪು ಜೇಡಿಯಲ್ಲಿ ತೊಡೆಯ ತನಕ ಹೂತುಹೋದೆ. ಜಲಾಶಯದ ನೀರು ಇಳಿದಾಗ ಕಾಣುವ ಬೋಳು ದಡ ಮೇಲೆ ಒಣಗಿದ ಹಾಗಿರುತ್ತದೆ, ಒಳಗೆ ಹಿಟ್ಟು. ಹೊಟ್ಟೆ ಮೇಲೆ ಮಲಗಿ ತೆವಳಿ ಹೊರಗೆ ಬಂದೆ. ಒದ್ದೆ ಜೀನ್ಸಿನಲ್ಲಿ ಊಟಿಯ ತನಕ ನಡುಗಿದ್ದು ಇನ್ನೂ ನೆನಪಿದೆ. ಅವತ್ತಿನಿಂದ ಗಾಡಿಯಲ್ಲಿ ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಪಂಚೆ ಸದಾ ಇರುತ್ತದೆ. ವಿದ್ಯುತ್ ಕೇಂದ್ರಕ್ಕೆ ನೀರು ಬಿಟ್ಟಾಗ ಮಟ್ಟ ಬದಲಾಗುತ್ತದೆ, ಅಣೆಕಟ್ಟಿನ ಹತ್ತಿರ, ಕಾಲುವೆಯ ಬಾಯಿಯ ಹತ್ತಿರ ನಿಲ್ಲಬೇಡಿ.

ಒಬ್ಬರೇ ಹೋಗಬೇಡಿ. ಇಲ್ಲಿ ಹುಲಿಗಿಂತ ನನಗೆ ಕಾಟಿಯ ಭಯ ಜಾಸ್ತಿ. ಪೊದೆಯ ಹಿಂದೆ ಬಂಡೆಯ ಹಾಗೆ ನಿಂತಿರುತ್ತದೆ, ಹತ್ತಿರ ಹೋಗುವ ತನಕ ಗೊತ್ತೇ ಆಗುವುದಿಲ್ಲ. ಮೂರೂವರೆಗೆ ಸಾಮಾನು ಕಟ್ಟಿ. ಬಿಸಿಲು ಬೆಟ್ಟದ ಹಿಂದೆ ಹೋದ ಹತ್ತು ನಿಮಿಷಕ್ಕೆ ಮೀನು ಆಳಕ್ಕೆ ಹೋಗಿರುತ್ತದೆ, ಪ್ರಾಣಿಗಳು ನೀರಿಗೆ ಬರುವ ಹೊತ್ತು ಶುರುವಾಗಿರುತ್ತದೆ. ತುಂಡು ದಾರವನ್ನೆಲ್ಲ ಜೇಬಿಗೆ ಹಾಕಿಕೊಂಡು ಬನ್ನಿ.

ಹಿಡಿದ ಕೂಡಲೇ ಹೊಟ್ಟೆ ಸೀಳಿ, ಕಿವಿರು ತೆಗೆದು, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನು ಉಗುರಿನಿಂದ ಕೆರೆಯಿರಿ. ಕಹಿ ಅಲ್ಲೇ ಇರುವುದು. ಹುರುಪೆ ತೆಗೆಯುವ ಕೆಲಸ ಇಲ್ಲ, ಅಷ್ಟು ಸಣ್ಣವು. ಕಸವನ್ನು ಕೆರೆಗೆ ಎಸೆಯಬೇಡಿ, ಕಾಗದದಲ್ಲಿ ಸುತ್ತಿ ಮನೆಗೆ ತನ್ನಿ. ಉಪ್ಪು, ಕುಟ್ಟಿದ ಮೆಣಸು, ಜಜ್ಜಿದ ಊಟಿ ಬೆಳ್ಳುಳ್ಳಿ ಸವರಿ ಅರ್ಧ ಗಂಟೆ ಇಡಿ. ಕಾವಲಿಯಲ್ಲಿ ತುಪ್ಪ ಹಾಕಿ, ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ, ಮಧ್ಯ ಮುಟ್ಟದೆ. ಮೇಲೆ ನಿಂಬೆಹಣ್ಣು. ಮಂಜೇಶ್ವರದಿಂದ ಬರುವ ನಮ್ಮ ಅತ್ತಿಗೆ ಮಾತ್ರ ಇದನ್ನು ಒಪ್ಪುವುದಿಲ್ಲ. "ತೆಂಗಿನಕಾಯಿ ಇಲ್ಲ, ಹುಳಿ ಇಲ್ಲ, ಇದು ಜ್ವರ ಬಂದವರಿಗೆ ಕೊಡುವ ಮೀನಾ?" ಅಂತ ಕೇಳುತ್ತಾರೆ. ಕೇಳುತ್ತಲೇ ಎರಡನೆಯದಕ್ಕೂ ಕೈ ಹಾಕುತ್ತಾರೆ.